ಲ್ಯಾಬ್ (ಲ್ಯಾಬ್ರಡಾರ್) ಮರಿಗಳಿಗೆ ಸೀಳಂಗುಳ: ಗಂಡು ನಾಯಿಯ ಡಿಎನ್‌ಎ ರಿಪೋರ್ಟ್ "ಕ್ಲಿಯರ್" ಅಂತಿದೆ, ನಂಬಬಹುದಾ?

ಕಪ್ಪು ಲ್ಯಾಬ್ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ವಿದ್ಯಾನಗರ. ನಮ್ಮ ಕಪ್ಪು ಲ್ಯಾಬ್‌ಗೆ ಇದು ಮೊದಲ ಸೂಲು. ಹೋದ ವಾರ 7 ಮರಿ ಹಾಕಿತು. ಐದು ಗುಂಡುಗುಂಡಾಗಿ ಚೆನ್ನಾಗಿವೆ. ಎರಡಕ್ಕೆ ಮಾತ್ರ ಹಾಲು ಕುಡಿಯುತ್ತಿದ್ದ ಹಾಗೆ ಮೂಗಿನಿಂದ ಹಾಲಿನ ಗುಳ್ಳೆ ಬರುತ್ತಿತ್ತು. ಡಾಕ್ಟರ್ ಬಾಯಿ ಬಿಡಿಸಿ, ಟಾರ್ಚ್ ಹಾಕಿ ತೋರಿಸಿದರು. ಬಾಯಿಯ ಮೇಲ್ಭಾಗದಲ್ಲಿ ನಡುವೆ ಉದ್ದಕ್ಕೆ ಸೀಳಿದೆ. ಅದರೊಳಗಿಂದ ಮೂಗಿನ ಒಳಗೇ ಕಾಣುತ್ತಿತ್ತು. ಒಂದು ಮರಿ ಉಳಿಯಲಿಲ್ಲ. ಇನ್ನೊಂದಕ್ಕೆ ಟ್ಯೂಬ್‌ನಲ್ಲಿ ಹಾಲು ಕೊಡುತ್ತಿದ್ದೇವೆ.

ಕ್ರಾಸ್ ಮಾಡಿಸಿದ್ದು ಹರಿಹರದ ಒಂದು ಗಂಡು ಲ್ಯಾಬ್ ಜೊತೆ. ಅದರ ಯಜಮಾನರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ತಮ್ಮ ನಾಯಿಯ ಡಿಎನ್‌ಎ ರಿಪೋರ್ಟ್ ವಾಟ್ಸಾಪ್ ಮಾಡಿದರು. ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಮಾಡಿಸಿದ್ದಂತೆ. ಅದರಲ್ಲಿ ಸೀಳಂಗುಳದ್ದೇ ಎರಡು ಸಾಲು ಇವೆ. ಒಂದು ಸಿಪಿ1, ಇನ್ನೊಂದು ಸಿಎಲ್‌ಪಿಎಸ್. ಎರಡರ ಮುಂದೆಯೂ ಹಸಿರು ಬಣ್ಣದಲ್ಲಿ "ಕ್ಲಿಯರ್" ಅಂತಿದೆ. "ನಮ್ಮದರಲ್ಲಿ ದೋಷ ಇಲ್ಲಮ್ಮ, ಮುಂದಿನ ಹೀಟ್‌ಗೆ ಮತ್ತೆ ಬಿಡೋಣ, ಈ ಸಲ ದುಡ್ಡು ಬೇಡ" ಅಂದರು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಮಾತಾಡಿದರು, ಅದರಲ್ಲಿ ಎರಡು ಮಾತಿಲ್ಲ.

ಆದರೂ ನನಗೆ ಸಮಾಧಾನ ಇಲ್ಲ. ಆ ರಿಪೋರ್ಟನ್ನು ಎಷ್ಟು ನಂಬಬಹುದು? ನಮ್ಮ ನಾಯಿಗೂ ಅದೇ ಟೆಸ್ಟ್ ಮಾಡಿಸಬೇಕಾ? ಉಳಿದ ಐದು ಮರಿ ಕೇಳಿಕೊಂಡು ಆಗಲೇ ಜನ ಬರುತ್ತಿದ್ದಾರೆ. ಅವರಿಗೆ ಏನು ಹೇಳಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ನಿಟುವಳ್ಳಿ ಹುಡುಗ

ಅಕ್ಕಾ, ರಿಪೋರ್ಟ್‌ನಲ್ಲೇ ಕ್ಲಿಯರ್ ಅಂತ ಇದೆಯಲ್ಲ. ಡಿಎನ್‌ಎ ಸುಳ್ಳು ಹೇಳಲ್ಲ ಅಂತಾರೆ. ನಿಮ್ಮ ನಾಯಿಗೂ ಒಂದು ಮಾಡಿಸಿಬಿಡಿ. ಅದೂ ಕ್ಲಿಯರ್ ಬಂದರೆ ಆಯ್ತಲ್ವಾ?

ಪಶುವೈದ್ಯೆ, ದಾವಣಗೆರೆ

ಆಗಲ್ಲಪ್ಪ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಒಂದು ವಿಷಯದಲ್ಲಿ ನಮ್ಮ ಭಾಗದ ನಾಯಿ ಸಾಕುವವರು ತುಂಬಾ ದುಡ್ಡು ಸುರಿಯುತ್ತಿದ್ದಾರೆ, ತಪ್ಪು ಧೈರ್ಯವನ್ನೂ ತಂದುಕೊಳ್ಳುತ್ತಿದ್ದಾರೆ.

ಸಿಪಿ1 ಮತ್ತು ಸಿಎಲ್‌ಪಿಎಸ್ ಎರಡೂ ನೋವಾ ಸ್ಕೋಶಿಯಾ ಡಕ್ ಟೋಲಿಂಗ್ ರಿಟ್ರೀವರ್ ಅನ್ನುವ ತಳಿಯಲ್ಲಿ ಸಿಕ್ಕ ದೋಷಗಳು. ಚಿಕ್ಕದಾಗಿ ಟೋಲರ್ ಅಂತಾರೆ. ಕೆನಡಾದ್ದು, ಕೆಂಪು ಕೂದಲು, ಬಾತುಕೋಳಿ ಬೇಟೆಗೆ ಬಳಸುತ್ತಿದ್ದ ನಾಯಿ. ಅಲ್ಲಿನ ಕೆನಲ್ ಕ್ಲಬ್ 1945ರಲ್ಲಿ ಅದನ್ನು ತಳಿಯಾಗಿ ಒಪ್ಪಿಕೊಂಡಿತು. ಕೆಲವೇ ನಾಯಿಗಳಿಂದ ಬೆಳೆದ ತಳಿ ಅದು. ಹಾಗಾಗಿ ಒಂದು ಹಳೇ ನಾಯಿಯಲ್ಲಿದ್ದ ದೋಷ ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ಮರಿಗೆ ಬಂದು ಸೇರುವುದು ಜಾಸ್ತಿ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿರುವ ಸಂಶೋಧಕರು ಟೋಲರ್ ಮರಿಗಳ ಡಿಎನ್‌ಎ ಹೋಲಿಸಿ ನೋಡಿದರು. 2014ರಲ್ಲಿ ಮೊದಲನೆಯದು ಪ್ರಕಟವಾಯಿತು. ಡಿಎಲ್‌ಎಕ್ಸ್6 ಅನ್ನುವ ಜೀನ್ ನಡುವೆ ಬೇರೆ ಒಂದು ಉದ್ದದ ಡಿಎನ್‌ಎ ತುಂಡು ಬಂದು ಕೂತಿದೆ. ಈ ಮರಿಗಳಿಗೆ ಅಂಗುಳ ಸೀಳಿರುವುದರ ಜೊತೆಗೆ ಕೆಳದವಡೆಯೂ ಗಿಡ್ಡ. ಅದೇ ಸಿಪಿ1. ಮಾರನೇ ವರ್ಷ, 2015ರಲ್ಲಿ, ಎರಡನೆಯದು. ಎಡಿಎಎಂಟಿಎಸ್20 ಅನ್ನುವ ಜೀನ್‌ನಲ್ಲಿ ಡಿಎನ್‌ಎಯ ಎರಡೇ ಎರಡು ಅಕ್ಷರ ಬಿಟ್ಟುಹೋಗಿವೆ. ಅಷ್ಟಕ್ಕೇ ತುಟಿ, ಅಂಗುಳ ಎರಡೂ ಸೀಳಿ, ಕಾಲಿನ ಬೆರಳುಗಳೂ ಅಂಟಿಕೊಂಡು ಹುಟ್ಟುತ್ತವೆ. ಅದು ಸಿಎಲ್‌ಪಿಎಸ್.

ಈಗ ಆನ್‌ಲೈನ್ ಕಿಟ್‌ನವರು ಏನು ಮಾಡುತ್ತಾರೆ ಅಂದರೆ, ಗೊತ್ತಿರುವ ನೂರಾರು ದೋಷಗಳನ್ನು ಎಲ್ಲ ತಳಿಗೂ ಒಟ್ಟಿಗೆ ನೋಡುತ್ತಾರೆ. ಲ್ಯಾಬ್ ನಾಯಿಯ ಸ್ಯಾಂಪಲ್ ಹೋದರೂ ಟೋಲರ್ ದೋಷ ಇದೆಯಾ ಅಂತ ನೋಡಿ, ಇಲ್ಲ, ಕ್ಲಿಯರ್ ಅಂತ ಬರೆಯುತ್ತಾರೆ. ಬರೆದದ್ದು ನಿಜವೇ. ಆದರೆ ಲ್ಯಾಬ್‌ನಲ್ಲಿ ಅಂಗುಳ ಸೀಳುವುದಕ್ಕೂ ಆ ಎರಡು ಜೀನ್‌ಗೂ ಸಂಬಂಧ ಇದೆ ಅಂತ ಯಾರೂ ತೋರಿಸಿಲ್ಲ. ಪಕ್ಕದ ಮನೆ ಮೀಟರ್ ಓದಿ ನಮ್ಮ ಮನೆ ಕರೆಂಟ್ ಬಿಲ್ ಹೇಳಿದ ಹಾಗಾಯಿತು ಇದು.

ಹಾಗಾಗಿ ಹರಿಹರದವರ ರಿಪೋರ್ಟ್ ಸುಳ್ಳಲ್ಲ. ನಿಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ನಿಮ್ಮ ನಾಯಿಗೆ ಅದೇ ಟೆಸ್ಟ್ ಮಾಡಿಸಿದರೂ ಅಷ್ಟೇ. ದುಡ್ಡು ಉಳಿಸಿ. ಆ ಮರಿಯ ಹಾಲಿನ ಪುಡಿಗೆ ಬೇಕಾಗುತ್ತದೆ.

ಪಗ್ ಮನೆ, ಚಿತ್ರದುರ್ಗ

ಡಾಕ್ಟ್ರೇ, ನಮ್ಮ ಪಗ್‌ಗೂ ಹಿಂದಿನ ಸೂಲಿನಲ್ಲಿ ಒಂದು ಮರಿ ಹೀಗೇ ಹುಟ್ಟಿತ್ತು. ನಾಲ್ಕರಲ್ಲಿ ಒಂದು. ಪಗ್‌ಗೆ ಅಂತ ಬೇರೆ ಟೆಸ್ಟ್ ಇದೆಯಾ? ನಮಗೆ ಮರಿ ಕೊಟ್ಟವರು ಮುಖ ಚಪ್ಪಟೆ ಇರುವ ನಾಯಿಗಳಲ್ಲಿ ಇದು ಮಾಮೂಲು ಅಂದುಬಿಟ್ಟರು.

ಪಶುವೈದ್ಯೆ, ದಾವಣಗೆರೆ

ಪಗ್, ಬುಲ್‌ಡಾಗ್, ಬೋಸ್ಟನ್ ಟೆರಿಯರ್, ಶಿಟ್ಜು ಇಂಥ ಚಪ್ಪಟೆ ಮುಖದ ತಳಿಗಳಲ್ಲಿ ಜಾಸ್ತಿ ಕಾಣುತ್ತದೆ, ಅದು ಹೌದು. ಆದರೆ "ಮಾಮೂಲು" ಅಂದುಕೊಂಡು ಸುಮ್ಮನಿರುವ ವಿಷಯ ಅಲ್ಲ. ಟೋಲರ್‌ಗೆ ಇರುವ ಹಾಗೆ "ಈ ಜೀನ್, ಈ ದೋಷ" ಅಂತ ಬೆರಳಿಟ್ಟು ತೋರಿಸುವ ಟೆಸ್ಟ್ ಪಗ್‌ಗೆ ಇಲ್ಲ. ತಲೆಬುರುಡೆಯ ಆಕಾರವೇ ಹಲವು ಜೀನ್‌ಗಳ ಕೆಲಸ. ಅದರ ಮೇಲೆ ತಾಯಿ ಹೊಟ್ಟೆಯಲ್ಲಿದ್ದಾಗ ಏನಾಯಿತು ಅನ್ನುವುದೂ ಸೇರುತ್ತದೆ.

ನಾಯಿ ಗಬ್ಬವಾದರೆ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ನಾಲ್ಕನೇ, ಐದನೇ ವಾರದ ಹೊತ್ತಿಗೆ ಮರಿಯ ಬಾಯಲ್ಲಿ ಎಡದಿಂದ ಒಂದು, ಬಲದಿಂದ ಒಂದು ಪದರ ಬೆಳೆದು, ನಾಲಿಗೆಯ ಮೇಲಕ್ಕೆ ಬಂದು, ನಡುವೆ ಕೂಡಿಕೊಳ್ಳಬೇಕು. ಆ ಕೆಲವು ದಿನಗಳಲ್ಲಿ ಅಡ್ಡಿ ಬಂದರೆ ಸೀಳು ಹಾಗೇ ಉಳಿಯುತ್ತದೆ. ಆಮೇಲೆ ಏನು ಕೊಟ್ಟರೂ ಮುಚ್ಚುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ನೀವೂ ವಿದ್ಯಾನಗರದವರೂ ಹೇಳಿ: ಆ ಹೊತ್ತಿನಲ್ಲಿ ನಾಯಿಗೆ ಏನಾದರೂ ಔಷಧ ನಡೆಯುತ್ತಿತ್ತಾ? ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫುಲ್ವಿನ್ ಮಾತ್ರೆ, ತುರಿಕೆಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್, ಲೆಕ್ಕ ಮೀರಿ ವಿಟಮಿನ್ ಎ, ಈ ಮೂರೂ ಅಂಗುಳ ಸೀಳಿಸಬಲ್ಲವು. ದಿನಾ ಲಿವರ್ ಬೇಯಿಸಿ ಹಾಕುವ ಮನೆಗಳಿವೆ. ವಿಟಮಿನ್ ಎ ಅದರಲ್ಲೂ ತುಂಬಾ ಇರುತ್ತದೆ.

ಪಗ್ ಮನೆ, ಚಿತ್ರದುರ್ಗ

ಮನೆಯಲ್ಲಿ ಫೈಲ್ ತೆಗೆದು ನೋಡಿದೆ. ಮಳೆಗಾಲದಲ್ಲಿ ಹುಳುಕಡ್ಡಿ ಆಗಿತ್ತು. ನೀವು ಹೇಳಿದ ಅದೇ ಮಾತ್ರೆ ನಡೆಯುತ್ತಿತ್ತು. ಗಬ್ಬ ನಿಂತಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾದ ಮೇಲೆ ನಿಲ್ಲಿಸಿದರು.

ಪಶುವೈದ್ಯೆ, ದಾವಣಗೆರೆ

ಹಾಗಾದರೆ ನಿಮ್ಮ ಮರಿಯ ವಿಷಯದಲ್ಲಿ ಮಾತ್ರೆಯ ಮೇಲೂ ಅನುಮಾನ ಇಡಬೇಕು. ಇದನ್ನು ನಿಮ್ಮ ಡಾಕ್ಟರ ಗಮನಕ್ಕೆ ತನ್ನಿ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮೂರೂವರೆ, ನಾಲ್ಕು ವಾರ ಕಳೆದಿರುತ್ತದೆ. ಅಂಗುಳ ಕೂಡುವ ಸಮಯ ಅದೇ. ಅದಕ್ಕೆ ಕ್ರಾಸ್ ಮಾಡಿಸಿದ ದಿನದಿಂದಲೇ ಗಬ್ಬ ಇದೆ ಅಂದುಕೊಂಡು ಔಷಧ ಕೊಡಬೇಕು.

ಕಪ್ಪು ಲ್ಯಾಬ್ ಮನೆ, ದಾವಣಗೆರೆ

ನಮ್ಮದಕ್ಕೆ ಅಂಥದ್ದು ಯಾವುದೂ ಇಲ್ಲ ಮೇಡಂ. ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದೇವೆ. ಕ್ರಾಸ್‌ಗೆ ಮುಂಚೆ ಜಂತುಹುಳದ ಔಷಧ, ಕೊನೆಯ ದಿನಗಳಲ್ಲಿ ಮರಿ ನಾಯಿಯ ಆಹಾರ. ಅಷ್ಟೇ. ಲಿವರ್ ನಾವು ಹಾಕುವುದೇ ಇಲ್ಲ.

ಹೊಳಲ್ಕೆರೆ ತೋಟದಮನೆ

ನಮ್ಮ ಅತ್ತೆಯವರು ಓದಿಸಿಕೊಂಡು ಕೇಳಿದರು. ಗಬ್ಬದ ನಾಯಿಯನ್ನು ಗ್ರಹಣದ ದಿನ ಹೊರಗೆ ಕಟ್ಟಿದ್ದಿರಬೇಕು ಅಂತಿದ್ದಾರೆ. ನಮ್ಮ ಕಡೆ ಮಕ್ಕಳಿಗೆ ತುಟಿ ಸೀಳಿದ್ದರೂ ಹೀಗೇ ಹೇಳುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗನಿಗೆ ಇತ್ತು. ಆಪರೇಷನ್ ಆಗಿ ಈಗ ಗೊತ್ತೇ ಆಗುವುದಿಲ್ಲ. ಆದರೆ ಅವನ ತಾಯಿ ಎಷ್ಟೋ ವರ್ಷ ಆ ಮಾತು ಕೇಳಿಸಿಕೊಂಡರು.

ಪಶುವೈದ್ಯೆ, ದಾವಣಗೆರೆ

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಗ್ರಹಣವೇ ಇಲ್ಲದ ತಿಂಗಳುಗಳಲ್ಲೂ ಇಂಥ ಮರಿಗಳು ನಮ್ಮ ಹತ್ತಿರ ಬರುತ್ತವೆ. ಗ್ರಹಣದ ದಿನ ಹೊರಗೇ ಇದ್ದ ಬೀದಿನಾಯಿಗಳು ಚೆಂದದ ಮರಿ ಹಾಕಿದ್ದನ್ನೂ ನೋಡಿದ್ದೇನೆ. ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಗ್ರಹಚಾರ, ದೋಷ, ಶಾಪ ಅಂದಾಗ ಮನೆಯವರು ವಿಷಯ ಮುಚ್ಚಿಡುತ್ತಾರೆ. ಸತ್ತ ಮರಿಯನ್ನು ಯಾರಿಗೂ ಹೇಳದೆ ಹೂತುಬಿಡುತ್ತಾರೆ. ಅದೇ ಗಂಡು ನಾಯಿ ಊರೂರಿಗೆ ಹೋಗುತ್ತಲೇ ಇರುತ್ತದೆ. ಯಾವ ಮನೆಯಲ್ಲಿ ಏನಾಯಿತು ಅಂತ ಇನ್ನೊಂದು ಮನೆಗೆ ಗೊತ್ತಾಗುವುದಿಲ್ಲ. ವಿದ್ಯಾನಗರದವರು ಇಲ್ಲಿ ಬಂದು ಬರೆದದ್ದು ದೊಡ್ಡ ಕೆಲಸ.

ಬಯಾಲಜಿ ಮೇಷ್ಟ್ರು, ಹೊನ್ನಾಳಿ

ನಾನು ಪಿಯುಸಿ ಮಕ್ಕಳಿಗೆ ಮೆಂಡೆಲ್ ಪಾಠ ಮಾಡುವವನು. ಡಾಕ್ಟರ್ ಹೇಳಿದ್ದಕ್ಕೆ ಒಂದಿಷ್ಟು ಲೆಕ್ಕ ಸೇರಿಸುತ್ತೇನೆ.

ಟೋಲರ್‌ನ ಎರಡೂ ದೋಷ ರಿಸೆಸಿವ್. ಬ್ರಿಟನಿ ಸ್ಪೇನಿಯಲ್, ಪಿರೆನೀಸ್ ಶೆಫರ್ಡ್ ತಳಿಗಳಲ್ಲೂ ಸೀಳಂಗುಳ ಹೀಗೇ ಇಳಿದುಬಂದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ರಿಸೆಸಿವ್ ಅಂದರೆ ಕೆಟ್ಟ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಸೇರಿದರೆ ಮಾತ್ರ ಕಾಯಿಲೆ ಹೊರಗೆ ಕಾಣುತ್ತದೆ. ಒಂದೇ ಇದ್ದರೆ ನಾಯಿ ಪೂರ್ತಿ ಆರೋಗ್ಯವಾಗಿರುತ್ತದೆ. ಶೋನಲ್ಲಿ ಕಪ್ ಕೂಡ ಗೆಲ್ಲಬಹುದು. ಅಂಥದ್ದನ್ನು ಕ್ಯಾರಿಯರ್ ಅನ್ನುತ್ತೇವೆ.

ಕ್ಯಾರಿಯರ್ ಗಂಡು, ಕ್ಯಾರಿಯರ್ ಹೆಣ್ಣು ಸೇರಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಏಳು ಮರಿಯಲ್ಲಿ ಎರಡು ಅನ್ನುವುದು ಈ ಲೆಕ್ಕಕ್ಕೆ ಹೊಂದುತ್ತದೆ. ಹೊಂದುತ್ತದೆ ಅಷ್ಟೇ, ಅದರಿಂದಲೇ ಸಾಬೀತಾಗುವುದಿಲ್ಲ.

ಜನ ಎಡವುವ ಜಾಗ ಇನ್ನೊಂದಿದೆ. "ಈ ನಾಯಿಯಿಂದ ಇಷ್ಟು ಮರಿ ಹುಟ್ಟಿವೆ, ಒಂದಕ್ಕೂ ಏನೂ ಆಗಿಲ್ಲ" ಅಂತಾರೆ. ಕ್ಯಾರಿಯರ್ ಜೋಡಿ 7 ಮರಿ ಹಾಕಿದರೂ ಒಂದೇ ಒಂದಕ್ಕೂ ಸೀಳು ಕಾಣದಿರುವ ಸಾಧ್ಯತೆ ನೂರಕ್ಕೆ 13. ನಾಲ್ಕೇ ಮರಿ ಹಾಕಿದರೆ ಅದು ನೂರಕ್ಕೆ 32. ಹೆಣ್ಣು ಕ್ಯಾರಿಯರ್ ಅಲ್ಲದಿದ್ದರಂತೂ ಗಂಡು ಕ್ಯಾರಿಯರ್ ಆಗಿದ್ದರೂ ಎಷ್ಟು ಮರಿ ಹುಟ್ಟಲಿ, ಒಂದರಲ್ಲೂ ಸೀಳು ಕಾಣುವುದಿಲ್ಲ. ಅರ್ಧ ಮರಿಗಳು ಮಾತ್ರ ಆ ಜೀನ್ ಹೊತ್ತುಕೊಂಡು ಬೇರೆ ಬೇರೆ ಮನೆ ಸೇರುತ್ತವೆ.

ವಿದ್ಯಾನಗರದವರ ಐದು ಮರಿಗಳ ಬಗ್ಗೆಯೂ ಇದೇ ಲೆಕ್ಕ. ಇದು ನಿಜಕ್ಕೂ ರಿಸೆಸಿವ್ ಆಗಿದ್ದರೆ, ನೋಡಲು ಚೆನ್ನಾಗಿರುವ ಪ್ರತಿ ಮೂರು ಮರಿಯಲ್ಲಿ ಎರಡು ಕ್ಯಾರಿಯರ್ ಆಗಿರುವ ಸಾಧ್ಯತೆ ಇದೆ.

ನಿಟುವಳ್ಳಿ ಹುಡುಗ

ಸರ್, ಹಾಗಾದರೆ ಆ ಐದು ಮರಿ ಯಾರೂ ತಗೋಬಾರದಾ? ಪಾಪ ಅಲ್ವಾ ಅವು?

ಬಯಾಲಜಿ ಮೇಷ್ಟ್ರು, ಹೊನ್ನಾಳಿ

ಧಾರಾಳವಾಗಿ ತಗೋಬಹುದಪ್ಪ. ಕ್ಯಾರಿಯರ್‌ಗೆ ಕಾಯಿಲೆ ಇಲ್ಲ. ಹದಿನಾಲ್ಕು ವರ್ಷ ಖುಷಿಯಾಗಿ ಬಾಳಬಹುದು. ಅದರಿಂದ ಮರಿ ಹಾಕಿಸಬಾರದು, ಅಷ್ಟೇ.

ಪಶುವೈದ್ಯೆ, ದಾವಣಗೆರೆ

ಮೇಷ್ಟ್ರು ಹೇಳಿದ್ದು ಸರಿ. ಕೊಡುವಾಗ ತಗೊಳ್ಳುವವರಿಗೆ ಬಾಯಿಮಾತಲ್ಲಿ ಅಲ್ಲ, ಬರೆದು ಕೊಡಿ: ಇದೇ ಸೂಲಿನಲ್ಲಿ ಎರಡಕ್ಕೆ ಸೀಳಂಗುಳ ಇತ್ತು, ಇದಕ್ಕೆ ಸಮಯಕ್ಕೆ ಸರಿಯಾಗಿ ಸಂತಾನಹರಣ ಆಪರೇಷನ್ ಮಾಡಿಸಿ, ಮರಿ ಹಾಕಿಸಬೇಡಿ. ಒಪ್ಪಿದವರಿಗೆ ಮಾತ್ರ ಕೊಡಿ. ಎಂಟು ವಾರ ಆಗುವ ಮುಂಚೆ ಮಾರುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರದ 2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳಲ್ಲೇ ಇದೆ. ಮಾರಾಟಕ್ಕೆ ಅಂತಲೇ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತಲೂ ಇದೆ.

ಹುಟ್ಟಿದ ದಿನವೇ ಪ್ರತಿ ಮರಿಯ ಬಾಯಿ ನೋಡುವುದನ್ನು ಎಲ್ಲರೂ ರೂಢಿ ಮಾಡಿಕೊಳ್ಳಿ. ಕೈ ತೊಳೆದು, ಕಿರುಬೆರಳಿಂದ ಬಾಯಿ ಬಿಡಿಸಿ, ಮೊಬೈಲ್ ಟಾರ್ಚ್ ಹಾಕಿ. ಮುಂದಿನ ಗಟ್ಟಿ ಭಾಗ ಸುಲಭವಾಗಿ ಕಾಣುತ್ತದೆ. ಹಿಂದಿನ ಮೆತ್ತನೆ ಭಾಗದ ಸೀಳು ಕಣ್ಣು ತಪ್ಪಿಸುತ್ತದೆ. ಅದಕ್ಕೆ ಮಾರನೇ ದಿನ ಇನ್ನೊಮ್ಮೆ ನೋಡಿ. ತೂಕ ಏರದ ಮರಿ, ಕುಡಿದ ಮೇಲೆ ಕೆಮ್ಮುವ ಮರಿ, ಮೂಗಲ್ಲಿ ಹಾಲು ಬರುವ ಮರಿ ಇದ್ದರೆ ಕಾಯಬೇಡಿ.

ಹೊಳಲ್ಕೆರೆ ತೋಟದಮನೆ

ಮರಿ ಬದುಕುತ್ತದಾ ಮೇಡಂ? ಅತ್ತೆ ಕೇಳುತ್ತಿದ್ದಾರೆ.

ಪಶುವೈದ್ಯೆ, ದಾವಣಗೆರೆ

ಬದುಕಿಸಬಹುದು. ಸುಲಭ ಅಂತ ಮಾತ್ರ ಹೇಳಲಾರೆ. ಈ ಮರಿಗಳನ್ನು ಕೊಲ್ಲುವುದು ಸೀಳಲ್ಲ, ಹಾಲು ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾ. ಬಾಟಲ್ ಹಿಡಿದರೂ ಅದೇ ಅಪಾಯ. ಅದಕ್ಕೆ ಬಾಯಿಂದ ಸೀದಾ ಹೊಟ್ಟೆಗೆ ತೆಳು ಟ್ಯೂಬ್ ಇಳಿಸಿ ಕೊಡಬೇಕು. ಎಳೆ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಟ್ಯೂಬ್ ಎಷ್ಟು ಇಳಿಸಬೇಕು ಅಂತ ಮರಿಯ ಮೈಗೆ ಹಿಡಿದು ಅಳೆದು, ಪೆನ್ನಲ್ಲಿ ಗುರುತು ಹಾಕುತ್ತೇವೆ. ಮರಿ ಬೆಳೆದ ಹಾಗೆ ಗುರುತೂ ಬದಲಾಗುತ್ತದೆ. ಇದನ್ನು ವಿಡಿಯೋ ನೋಡಿ ಕಲಿಯಬೇಡಿ. ಡಾಕ್ಟರ ಮುಂದೆ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ. ಮೈ ತಣ್ಣಗಿರುವ ಮರಿಗೆ ಹಾಲು ಕೊಡಬಾರದು, ಮೊದಲು ಬೆಚ್ಚಗೆ ಮಾಡಿ. ಹಸುವಿನ ಹಾಲು ಸಾಲದು, ಮರಿಗಳಿಗೆ ಅಂತಲೇ ಬರುವ ಹಾಲಿನ ಪುಡಿ ತನ್ನಿ.

ಮೂರು ನಾಲ್ಕು ತಿಂಗಳು ದಾಟಿ ಮೈ ತುಂಬಿಕೊಂಡ ಮೇಲೆ ಆಪರೇಷನ್. ಒಂದೇ ಸಲಕ್ಕೆ ಕೂಡಿಕೊಳ್ಳದೆ ಮತ್ತೊಮ್ಮೆ ಮಾಡಬೇಕಾಗಿ ಬರಬಹುದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರ, ಬೆಂಗಳೂರಿನ ಹೆಬ್ಬಾಳದ ಕಾಲೇಜೂ ಇದೆ. ಮೊದಲೇ ಹೋಗಿ ತೋರಿಸಿ ಮಾತಾಡಿ. ಸೀಳು ತುಂಬಾ ಅಗಲ ಇದ್ದು, ನ್ಯುಮೋನಿಯಾ ಹಿಡಿದು ಮರಿ ನರಳುತ್ತಿದ್ದರೆ ನೋವಿಲ್ಲದೆ ಕಳಿಸಿಕೊಡುವುದೂ ದಯೆಯೇ. ಆ ತೀರ್ಮಾನ ಮಾಡಿದವರನ್ನು ಯಾರೂ ಚುಚ್ಚಿ ಮಾತಾಡಬೇಡಿ.

ಜಗಳೂರು ಮುಧೋಳ ನಾಯಿ

ನಮ್ಮದು ಮುಧೋಳ ನಾಯಿ, ಕುರಿ ಕಾಯಲು ಜೊತೆಗಿರುತ್ತದೆ. ನಮ್ಮ ಕಡೆ ಅಕ್ಕಪಕ್ಕದ ಹಟ್ಟಿಯ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸುತ್ತಾರೆ. ಸೀಳು ಬಾಯಿ ನಾನು ನೋಡಿಲ್ಲ, ಆದರೆ ಹುಟ್ಟಿದ ಮೇಲೆ ಸೊರಗಿ ಸಾಯುವ ಮರಿ ಇದ್ದೇ ಇರುತ್ತವೆ. ಬಾಯಿ ಬಿಡಿಸಿ ನೋಡುವ ರೂಢಿಯೇ ನಮ್ಮಲ್ಲಿಲ್ಲ. ಇನ್ಮೇಲೆ ನೋಡುತ್ತೇವೆ. ಹೊಸ ರಕ್ತ ತರಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಪಶುವೈದ್ಯೆ, ದಾವಣಗೆರೆ

ಬಾಗಲಕೋಟೆ ಜಿಲ್ಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಅಲ್ಲಿ ಕೇಳಿ. ಒಂದೇ ಹಟ್ಟಿಯ ನಾಯಿಗಳನ್ನೇ ಕೂಡಿಸುತ್ತಾ ಹೋದರೆ ಟೋಲರ್‌ಗೆ ಆದದ್ದೇ ಆಗುತ್ತದೆ.

ಪಗ್ ಮನೆ, ಚಿತ್ರದುರ್ಗ

ಫೋಲಿಕ್ ಆಸಿಡ್ ಕೊಟ್ಟರೆ ಬರುವುದಿಲ್ಲ ಅಂತ ಒಬ್ಬರು ಹೇಳಿದರು. ನಿಜವಾ?

ಪಶುವೈದ್ಯೆ, ದಾವಣಗೆರೆ

ಸ್ವಲ್ಪ ನಿಜ. ಬೋಸ್ಟನ್ ಟೆರಿಯರ್‌ಗಳಿಗೆ ಫೋಲಿಕ್ ಆಸಿಡ್ ಕೊಟ್ಟಾಗ ಸೀಳಂಗುಳದ ಮರಿಗಳು ಕಡಿಮೆಯಾದವು ಅಂತ 1997ರಲ್ಲೇ ಪ್ರಕಟವಾಗಿದೆ. ಆಮೇಲೆ ಪಗ್, ಚಿವಾವಾಗಳಲ್ಲೂ ನೋಡಿದ್ದಾರೆ. ಆದರೆ ಗಬ್ಬ ಗೊತ್ತಾದ ಮೇಲೆ ಶುರು ಮಾಡಿದರೆ ಏನೂ ಉಪಯೋಗವಿಲ್ಲ, ಅಷ್ಟರಲ್ಲಿ ಅಂಗುಳದ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಹೀಟ್‌ಗೆ ಬಂದಾಗಿನಿಂದಲೇ ಕೊಡಬೇಕು. ಎಷ್ಟು ಅಂತ ನಿಮ್ಮ ಡಾಕ್ಟರ್ ತೂಕ ನೋಡಿ ಹೇಳಲಿ. ಜೀನ್‌ನಲ್ಲೇ ದೋಷ ಇರುವ ಜೋಡಿಯನ್ನು ಮಾತ್ರೆಯಿಂದ ಸರಿ ಮಾಡಲಾಗದು. ಫೋಲಿಕ್ ಆಸಿಡ್ ಕೊಟ್ಟೆವು ಅಂತ ಅದೇ ಜೋಡಿಯನ್ನು ಮತ್ತೆ ಕೂಡಿಸಬೇಡಿ.

ಹರಿಹರ ಲ್ಯಾಬ್

ಇಲ್ಲಿ ಹೇಳುತ್ತಿರುವ ಗಂಡು ನಾಯಿ ನಮ್ಮದು. ಸ್ನೇಹಿತರೊಬ್ಬರು ಕಳಿಸಿದರು, ಪೂರ್ತಿ ಓದಿದೆ. ವಿದ್ಯಾನಗರದ ತಂಗಿ ನನ್ನ ಬಗ್ಗೆ ಕೆಟ್ಟದಾಗಿ ಬರೆದಿಲ್ಲ, ಅದಕ್ಕೆ ಸಂತೋಷ.

ಟೆಸ್ಟ್‌ಗೆ ಒಳ್ಳೆಯ ದುಡ್ಡೇ ಕೊಟ್ಟಿದ್ದೇನೆ. ಮಾಡಿಕೊಟ್ಟವರು ಇದು ಬೇರೆ ತಳಿಯದ್ದು ಅಂತ ಫೋನ್‌ನಲ್ಲಿ ಒಂದು ಮಾತೂ ಹೇಳಲಿಲ್ಲ. ರಿಪೋರ್ಟ್ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತಳಿಯ ಹೆಸರು ಇದೆ, ಇವತ್ತು ಕಂಡಿತು. ಸರಿ, ಅದು ಬಿಡಿ. ನನ್ನ ಪ್ರಶ್ನೆ ಇಷ್ಟೇ. ಲ್ಯಾಬ್‌ಗೆ ಟೆಸ್ಟ್ ಇಲ್ಲ ಅಂದರೆ ನನ್ನ ನಾಯಿಯಲ್ಲಿ ದೋಷ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಸುಮ್ನೆ ಅನುಮಾನದ ಮೇಲೆ ಅದನ್ನು ಮೂಲೆಗೆ ಕೂರಿಸಬೇಕಾ? ಈ ನಾಯಿಯನ್ನು ಮಗುವಿನ ಹಾಗೆ ಸಾಕಿದ್ದೇನೆ.

ಪಶುವೈದ್ಯೆ, ದಾವಣಗೆರೆ

ಅಣ್ಣ, ನೀವು ಇಲ್ಲಿ ಬಂದು ಕೇಳಿದ್ದು ತುಂಬಾ ಒಳ್ಳೆಯದಾಯಿತು. ತಿಳಿಯುವ ದಾರಿ ಇದೆ. ಲ್ಯಾಬೊರೇಟರಿಗೆ ಮುಂಚೆ ನಿಮ್ಮ ಡೈರಿ ತೆಗೆಯಿರಿ.

ನಿಮ್ಮ ನಾಯಿ ಇದುವರೆಗೆ ಯಾವ ಯಾವ ಹೆಣ್ಣಿನ ಜೊತೆ ಕೂಡಿದೆ? ಎಷ್ಟೆಷ್ಟು ಮರಿ ಹುಟ್ಟಿದವು, ಎಷ್ಟು ಉಳಿದವು, ಹೋದವು ಹೇಗೆ ಹೋದವು? ಎಲ್ಲರಿಗೂ ಫೋನ್ ಮಾಡಿ. "ಮೂಗಲ್ಲಿ ಹಾಲು ಬರುತ್ತಿತ್ತಾ" ಅಂತಲೇ ಕೇಳಿ. "ಮರಿ ಚೆನ್ನಾಗಿದ್ದವಾ" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದ್ದವು ಅಂತಲೇ ಹೇಳುತ್ತಾರೆ. ಆಮೇಲೆ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕೊಟ್ಟ ವಂಶಾವಳಿ ಪೇಪರ್ ತೆಗೆದು, ನಿಮ್ಮ ನಾಯಿಯ ಅಜ್ಜ, ಮುತ್ತಜ್ಜನ ಹೆಸರುಗಳನ್ನು ವಿದ್ಯಾನಗರದ ನಾಯಿಯ ಪೇಪರ್ ಪಕ್ಕ ಇಟ್ಟು ನೋಡಿ.

ಕಪ್ಪು ಲ್ಯಾಬ್ ಮನೆ, ದಾವಣಗೆರೆ

ಅಣ್ಣ, ನಮ್ಮ ನಾಯಿಯ ಪೇಪರ್ ಎರಡೂ ಕಡೆ ಫೋಟೋ ತೆಗೆದು ನಿಮಗೆ ಕಳಿಸಿದ್ದೇನೆ. ಮರಿ ಇವತ್ತು ಮೊದಲ ಸಲ ಕಣ್ಣು ಬಿಟ್ಟಿದೆ. ತೂಕವೂ ಏರುತ್ತಿದೆ.

ಹರಿಹರ ಲ್ಯಾಬ್

ಎಲ್ಲರಿಗೂ ಫೋನ್ ಮಾಡಿ ಮುಗಿಸಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹೆಚ್ಚಿನವರು ಏನೂ ಇರಲಿಲ್ಲ ಅಂದರು. ರಾಣೆಬೆನ್ನೂರಿನ ಒಂದು ಮನೆಯವರು ಸ್ವಲ್ಪ ತಡೆದು ಹೇಳಿದರು. ಅವರ ಸೂಲಿನಲ್ಲಿ ಒಂದು ಮರಿಗೆ ಮೂಗಲ್ಲಿ ಹಾಲು ಬರುತ್ತಿತ್ತಂತೆ, ನಾಲ್ಕು ದಿನಕ್ಕೆ ಹೋಯಿತಂತೆ. "ನಿಮಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ" ಅಂದರು. ಅವರ ಹೆಣ್ಣಿನ ಪೇಪರ್ ತರಿಸಿದೆ. ಮೂರೂ ಪೇಪರ್ ಮೇಜಿನ ಮೇಲೆ ಇಟ್ಟು ನೋಡಿದೆ. ನನ್ನ ನಾಯಿಯ ತಾಯಿ ಕಡೆ ಅಜ್ಜ, ವಿದ್ಯಾನಗರದ ನಾಯಿಯ ತಂದೆ ಕಡೆ ಅಜ್ಜ, ರಾಣೆಬೆನ್ನೂರಿನದರ ತಾಯಿ ಕಡೆ ಮುತ್ತಜ್ಜ. ಮೂರೂ ಕಡೆ ಒಂದೇ ಗಂಡು ನಾಯಿ, ಒಂದೇ ರಿಜಿಸ್ಟರ್ ನಂಬರ್. ಮರಿ ತಂದದ್ದು ಮೂರು ಬೇರೆ ಬೇರೆ ಊರಿನಿಂದ.

ಬಯಾಲಜಿ ಮೇಷ್ಟ್ರು, ಹೊನ್ನಾಳಿ

ಯಾವ ಕಿಟ್ ಹೇಳದ್ದನ್ನು ಮೂರು ಕಾಗದ ಹೇಳಿವೆ. ನಾಳೆ ಕ್ಲಾಸಿನಲ್ಲಿ ಊರು, ಹೆಸರು ತೆಗೆದು ಇದನ್ನೇ ಬೋರ್ಡ್ ಮೇಲೆ ಬರೆಯಬೇಕು ಅಂದುಕೊಂಡಿದ್ದೇನೆ. ಹರಿಹರದವರು ಅಭ್ಯಂತರ ಇಲ್ಲ ಅಂದರೆ ಮಾತ್ರ.

ಪಶುವೈದ್ಯೆ, ದಾವಣಗೆರೆ

ಅನುಮಾನ ಈಗ ಗಟ್ಟಿಯಾಯಿತು. ಎರಡು ಬೇರೆ ಹೆಣ್ಣು, ಎರಡರಲ್ಲೂ ಸೀಳಂಗುಳದ ಮರಿ, ಮೂರಕ್ಕೂ ಹಿಂದೆ ಒಂದೇ ಗಂಡು. ವಿದ್ಯಾನಗರದಲ್ಲಿ ಔಷಧದ ಕಾರಣವೂ ಇಲ್ಲ. ಇದು ರಿಸೆಸಿವ್ ಜೀನ್ ಅಂತ ನಾನು ಪ್ರಮಾಣ ಮಾಡಿ ಹೇಳುವುದಿಲ್ಲ, ಆದರೆ ಈ ಮೂರು ನಾಯಿಗಳಿಂದ ಮರಿ ಹಾಕಿಸುವುದನ್ನು ನಿಲ್ಲಿಸಲು ಇಷ್ಟು ಸಾಕು. ಟೆಸ್ಟ್ ಬರುವವರೆಗೆ ಕಾಯುವ ಅಗತ್ಯ ಇಲ್ಲ. ಅದೇ ಜೋಡಿಯನ್ನು ಮತ್ತೆ ಕೂಡಿಸಿ "ನೋಡೋಣ" ಅನ್ನುವುದಂತೂ ಬೇಡವೇ ಬೇಡ. ನೋಡುವುದಕ್ಕೆ ಅಂತ ಮರಿಗಳು ಸಾಯಬಾರದು.

ಡಿಎನ್‌ಎ ಇಲ್ಲಿ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಟೋಲರ್ ದೋಷ ಪತ್ತೆಯಾದದ್ದೂ ಹೀಗೇ. ಕಾಯಿಲೆ ಇದ್ದ ಮರಿ, ಅದರ ತಂದೆ ತಾಯಿ, ಆರೋಗ್ಯವಾಗಿದ್ದ ಒಡಹುಟ್ಟುಗಳು, ಹೀಗೆ ಸ್ಯಾಂಪಲ್ ಕೊಟ್ಟ ಮನೆಗಳಿಂದ. ಕೆಳದವಡೆ ಗಿಡ್ಡವಾಗಿ ಅಂಗುಳ ಸೀಳುವ ಪಿಯರೆ ರಾಬಿನ್ ಅನ್ನುವ ತೊಂದರೆ ಮನುಷ್ಯರ ಮಕ್ಕಳಲ್ಲೂ ಇದೆ. ಟೋಲರ್ ಮರಿಗಳ ಕೆಲಸ ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೂ ನೆರವಾಯಿತು. ಲ್ಯಾಬ್‌ಗಳಲ್ಲೂ ಒಂದು ದಿನ ಸರಿಯಾದ ಟೆಸ್ಟ್ ಬರಬೇಕು ಅಂದರೆ ಇಂಥ ಕುಟುಂಬಗಳ ಸ್ಯಾಂಪಲ್ ಬೇಕು.

ಅದಕ್ಕೆ ಈಗಲೇ ಎತ್ತಿಡೋಣ. ದೊಡ್ಡ ನಾಯಿಗಳದ್ದು ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ. ಮರಿಗಳದ್ದು ಕೆನ್ನೆಯ ಒಳಗಿಂದ ಸ್ವಾಬ್. ಮರಿಯನ್ನು ತಾಯಿಯಿಂದ ಸ್ವಲ್ಪ ಹೊತ್ತು ಬೇರೆ ಇಟ್ಟು ಆಮೇಲೆ ತೆಗೆಯಬೇಕು. ಇಲ್ಲದಿದ್ದರೆ ತಾಯಿಯ ಹಾಲು, ಬೇರೆ ಮರಿಗಳ ಜೊಲ್ಲು ಸೇರಿ ಯಾರ ಡಿಎನ್‌ಎ ಅಂತ ಗೊಂದಲ ಆಗುತ್ತದೆ. ಸ್ವಾಬ್ ಒಣಗಿಸಿ ಕಾಗದದ ಕವರ್‌ನಲ್ಲಿ ಹಾಕಬೇಕು, ಪ್ಲಾಸ್ಟಿಕ್ ಬೇಡ. ಕವರ್ ಮೇಲೆ ನಾಯಿಯ ಗುರುತು, ದಿನಾಂಕ ಬರೆಯಬೇಕು. ಮುಂದೆ ಯಾರ ಮನೆಯಲ್ಲಾದರೂ ಇಂಥ ಮರಿ ಸತ್ತರೆ ಕಿವಿಯ ತುದಿಯ ಚೂರೊಂದನ್ನು ಡಾಕ್ಟರ್ ಕೈಯಲ್ಲಿ ತೆಗೆಸಿ ಫ್ರೀಜರ್‌ನಲ್ಲಿಡಿ. ಫಾರ್ಮಲಿನ್‌ನಲ್ಲಿ ಮಾತ್ರ ಹಾಕಬೇಡಿ, ಡಿಎನ್‌ಎ ಹಾಳಾಗುತ್ತದೆ.

ಹರಿಹರ ಲ್ಯಾಬ್

ಮೇಷ್ಟ್ರೇ, ಬೋರ್ಡ್ ಮೇಲೆ ಬರೆಯಿರಿ, ನನ್ನ ಅಭ್ಯಂತರ ಇಲ್ಲ.

ಮುಂದಿನ ತಿಂಗಳು ಎರಡು ಕಡೆ ಕ್ರಾಸ್‌ಗೆ ಒಪ್ಪಿಕೊಂಡಿದ್ದೆ. ಒಂದು ಹೊನ್ನಾಳಿ, ಒಂದು ಚನ್ನಗಿರಿ. ಇಬ್ಬರಿಗೂ ಕಾರಣ ಹೇಳಿ ಬೇಡ ಅಂದೆ. ಮುಂಗಡ ವಾಪಸ್ ಹಾಕಿದ್ದೇನೆ. ಈ ನಾಯಿಯ ಮರಿ ತಗೊಂಡವರಿಗೆಲ್ಲ ಮೂರು ಪೇಪರ್‌ನ ಫೋಟೋ ಕಳಿಸುತ್ತಿದ್ದೇನೆ. ಕೆಲವರು ಬೈದರು, ಕೆಲವರು ಥ್ಯಾಂಕ್ಸ್ ಹೇಳಿದರು.

ಮೇಡಂ, ರಕ್ತ ಕೊಡಲು ಯಾವಾಗ ಬರಲಿ? ರಾಣೆಬೆನ್ನೂರಿನವರೂ ಬರುತ್ತೇವೆ ಅಂದಿದ್ದಾರೆ.

ಪಶುವೈದ್ಯೆ, ದಾವಣಗೆರೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ. ಮೂರೂ ಮನೆಯವರು ಅಸಲಿ ಪೇಪರ್ ತನ್ನಿ, ಜೆರಾಕ್ಸ್ ನಾನೇ ಮಾಡಿಸಿಕೊಳ್ಳುತ್ತೇನೆ. ವಿದ್ಯಾನಗರದವರು ಆ ಮರಿಯನ್ನೂ ಕರೆತನ್ನಿ, ಟ್ಯೂಬ್‌ನ ಗುರುತು ಹೊಸದಾಗಿ ಹಾಕಿಕೊಡಬೇಕು.

ಕಪ್ಪು ಲ್ಯಾಬ್ ಮನೆ, ದಾವಣಗೆರೆ

ಬರುತ್ತೇವೆ ಮೇಡಂ. ಅಣ್ಣ, ನೀವೂ ರಾಣೆಬೆನ್ನೂರಿನವರೂ ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಬನ್ನಿ. ಉಳಿದ ಐದು ಮರಿಗಳನ್ನೂ ನೋಡಿದ ಹಾಗಾಗುತ್ತದೆ.